ಇಲಿಯಾಸನ ಗಾಜಿನ ಲೋಟ

ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಮೊನ್ನೆ ಮನೆಗೆ ಬಂದಿದ್ದರು. ನನ್ನಲ್ಲಿ ಕಲಿತವರಲ್ಲ, ಯಾರೋ ನನ್ನ ಹೆಸರು ಹೇಳಿ ಕಳಿಸಿದ್ದರು. ಕಾಫಿ ಕುಡಿಯುತ್ತಾ ಅವರಲ್ಲೊಬ್ಬಳು, "ಸಾರ್, ಈ ಕೆಲಸದಲ್ಲಿ ನಿಮಗೆ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು?" ಎಂದು ಕೇಳಿದಳು. ಹೆಡ್‌ಮಾಸ್ಟರುಗಳ ಕಾಟ, ಒಳ್ಳೆಯ ಬಣ್ಣ ಸಿಗದ ಊರುಗಳು, ಪರೀಕ್ಷೆ ಹತ್ತಿರ ಬಂದರೆ ನಮ್ಮ ಪೀರಿಯಡ್ಡನ್ನು ಕಿತ್ತುಕೊಳ್ಳುವ ಗಣಿತದವರು ಎಂದೆಲ್ಲ ಹೇಳಿ ಕಳಿಸಿದೆ. ಅವೆಲ್ಲ ನಿಜವೇ. ಆದರೆ ಅವರು ಹೋದ ಮೇಲೆ ನನ್ನ ಹೆಂಡತಿ ಗೌರಿ ಲೋಟ ಎತ್ತುತ್ತಾ, "ಇಲಿಯಾಸಣ್ಣನ ವಿಷ್ಯ ಹೇಳ್ನೇ ಇಲ್ವಲ್ಲ ನೀವು" ಎಂದಳು.

ಅದನ್ನು ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಊರು ಚಾಮರಾಜನಗರದ ಹತ್ತಿರದ ಉಡಿಗಾಲ. ಮನೆಯವರೆಲ್ಲ ಹೊಲದ ಕೆಲಸದವರು. ಚಿತ್ರ ಬರೆಯುವ ಹುಚ್ಚಿದ್ದ ನಾನು ಹೇಗೋ ಹಟ ಹಿಡಿದು ಮೈಸೂರಿನ ಚಿತ್ರಕಲಾ ಶಾಲೆಗೆ ಸೇರಿದೆ. ಅಲ್ಲಿ ನನ್ನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದವನು ಗುಂಡ್ಲುಪೇಟೆಯ ಇಲಿಯಾಸ್. ಅವನ ತಂದೆ ಊಟಿ ರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡು ಬೋರ್ಡು ಬರೆಯುತ್ತಿದ್ದರು, ಕೇರಳದ ಕಡೆ ಹೋಗುವ ಲಾರಿಗಳಿಗೂ ಬಣ್ಣ ಹೊಡೆಯುತ್ತಿದ್ದರು. ನಮ್ಮಿಬ್ಬರಿಗೂ ಹಿಡಿಸಿದ್ದು ವಸ್ತುಚಿತ್ರ. ಮೇಜಿನ ಮೇಲೆ ಒಂದು ಚೊಂಬು, ಎರಡು ಈರುಳ್ಳಿ, ಒಂದು ತುಂಡು ಬಟ್ಟೆ ಇಟ್ಟು, ಅವು ಕಾಣುವ ಹಾಗೆ ಬರೆಯುವುದು. ಮಿಕ್ಕವರು ಅದನ್ನು ಕೈ ಪಳಗಿಸುವ ಅಭ್ಯಾಸವೆಂದು ಮುಗಿಸಿ ಮುಖಚಿತ್ರಕ್ಕೋ ಬೆಟ್ಟಗುಡ್ಡಕ್ಕೋ ಹೋಗಿಬಿಟ್ಟರು. ನಾವಿಬ್ಬರು ಚೊಂಬಿನ ಮುಂದೆಯೇ ಉಳಿದೆವು.

ನಮ್ಮ ಗುರುಗಳು ನನ್ನ ಚಿತ್ರ ನೋಡಿ, "ತಪ್ಪಿಲ್ಲ, ಮುಂದುವರಿಸು" ಎನ್ನುತ್ತಿದ್ದರು. ಇಲಿಯಾಸನ ಹಿಂದೆ ಬಂದು ನಿಂತರೆ ಬಾಗಿ ಹತ್ತಿರದಿಂದ ನೋಡುತ್ತಿದ್ದರು. ಆಮೇಲೆ, "ಸಾಕು, ನಿಲ್ಲಿಸು. ಇನ್ನು ಮುಟ್ಟಬೇಡ" ಎನ್ನುತ್ತಿದ್ದರು. ನನಗೆ ಆ ಮಾತು ಒಮ್ಮೆಯೂ ಸಿಗಲಿಲ್ಲ. ಇಡೀ ಕೋರ್ಸು ಮುಗಿಯುವ ತನಕ ಅವರು ನನ್ನ ಹಿಂದೆ ಬಂದು ನಿಂತಾಗಲೆಲ್ಲ ಆ ಒಂದು ಮಾತಿಗಾಗಿ ಬೆನ್ನು ಸೆಟೆಸಿಕೊಂಡು ಕಾಯುತ್ತಿದ್ದೆ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ನನಗೆ ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಇಲಿಯಾಸ್ ಅರ್ಜಿಯನ್ನೇ ಹಾಕಿರಲಿಲ್ಲ. ತಂದೆಗೆ ಕೈ ನಡುಕ ಬಂದಿತ್ತು, ಅಂಗಡಿ ನೋಡಿಕೊಳ್ಳುತ್ತೇನೆ ಎಂದು ಊರಿಗೆ ಬಂದುಬಿಟ್ಟಿದ್ದ. ಭಾನುವಾರ ನಾನು ಬಾಡಿಗೆಗಿದ್ದ ಮನೆಗೆ ಬರುತ್ತಿದ್ದ. ಬಡಗು ದಿಕ್ಕಿಗೆ ಒಂದು ದೊಡ್ಡ ಕಿಟಕಿ ಇದ್ದುದರಿಂದ ಬೆಳಕು ದಿನವಿಡೀ ಒಂದೇ ಸಮ ಬೀಳುತ್ತಿತ್ತು. ಗೌರಿಯ ಅಡುಗೆಮನೆಯಿಂದಲೇ ಸಾಮಾನು ತಂದು ಜೋಡಿಸಿ ಇಬ್ಬರೂ ಒಂದೇ ಮೇಜಿನ ಮುಂದೆ ಕೂರುತ್ತಿದ್ದೆವು. ಅವನು ಬರುತ್ತಿದ್ದುದು ತಡವಾಗಿ, ಬರುತ್ತಿದ್ದುದು ಬರಿಗೈಯಲ್ಲಿ. ನನ್ನ ಕುಂಚ, ನನ್ನ ಬಣ್ಣ, ನನ್ನ ಟರ್ಪೆಂಟೈನು. ಅರ್ಧ ಹೊತ್ತು ಗೌರಿಯ ಹತ್ತಿರ ಹಂಗಳದ ಸುದ್ದಿ ಮಾತಾಡುತ್ತಿದ್ದ. ಅವಳ ತವರು ಹಂಗಳ, ಅಲ್ಲಿನ ಅಂಗಡಿಗಳ ಬೋರ್ಡೆಲ್ಲ ಇವನ ತಂದೆ ಬರೆದದ್ದು. ಆಮೇಲೆ ಕುಂಚ ತೆಗೆದುಕೊಂಡರೆ ನಾನು ಗೆರೆ ಹಾಕಿ ಮುಗಿಸುವಷ್ಟರಲ್ಲಿ ಅವನ ಚಿತ್ರವೇ ಮುಗಿದಿರುತ್ತಿತ್ತು. ಅವನ ಅಲ್ಯೂಮಿನಿಯಂ ಬೋಗುಣಿ ನೋಡಿದರೆ ಬೆರಳಲ್ಲಿ ತಟ್ಟಬೇಕು ಅನಿಸುತ್ತಿತ್ತು. ನನ್ನದು ಬೋಗುಣಿಯ ಆಕಾರದಲ್ಲಿ ಇರುತ್ತಿತ್ತು.

ಸ್ಕೂಲಿನಲ್ಲಿ ನನ್ನ ಕೆಲಸವೇನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೊಸಬರು ಇದನ್ನು ತಿಳಿದಿರುವುದು ಒಳ್ಳೆಯದು. ಹೆಡ್‌ಮಾಸ್ಟರ್ ರುದ್ರಯ್ಯನವರಿಗೆ ನಾನೆಂದರೆ ಬಣ್ಣದ ಡಬ್ಬಿ ಇಟ್ಟುಕೊಂಡಿರುವ ಗುಮಾಸ್ತ. ವಾರ್ಷಿಕೋತ್ಸವದ ಬಟ್ಟೆ ಬ್ಯಾನರು, ಸರ್ಟಿಫಿಕೇಟಿನ ಮೇಲೆ ಹೆಸರು, ಅವರ ಮಗಳ ಮದುವೆಯ ಮಂಟಪಕ್ಕೆ ಥರ್ಮೋಕೋಲಿನ ನವಿಲು, ಎಲ್ಲವೂ ನನ್ನ ತಲೆಗೇ. ಕೆಟ್ಟವರೇನಲ್ಲ. ಆದರೆ ಒಂದು ಕುಂಬಳಕಾಯಿಯ ವಿಚಾರದಲ್ಲಿ ಅವರ ಮೇಲಿನ ಸಿಟ್ಟು ನನಗೆ ಇನ್ನೂ ಪೂರ್ತಿ ಹೋಗಿಲ್ಲ.

ಭೀಮನಬೀಡಿನ ರೈತರೊಬ್ಬರು ಮಗನನ್ನು ಸ್ಕೂಲಿಗೆ ಬಿಡಲು ಬಂದಾಗ ಒಂದು ಸಿಹಿಗುಂಬಳ ತಂದುಕೊಟ್ಟಿದ್ದರು. ಅಂಥ ಕಾಯಿಯನ್ನು ನಾನು ಮತ್ತೆ ನೋಡಿಲ್ಲ. ಒಂದು ಮಗ್ಗುಲು ಕಡುಹಸಿರು, ಇನ್ನೊಂದು ಮಗ್ಗುಲು ಕಾವಿ ಬಣ್ಣ, ನಡುವೆ ಕಲ್ಲಿಗೆ ಒತ್ತಿ ಬೆಳೆದ ಒಂದು ಬಿಳಿಯ ತಗ್ಗು. ಡ್ರಾಯಿಂಗ್ ರೂಮಿನಲ್ಲಿ ಒಂದು ಹಳೆಯ ಬಕೆಟ್ಟಿನ ಪಕ್ಕ ಅದನ್ನು ಇಟ್ಟೆ. ದಿನಾ ಸಂಜೆ ಸ್ಕೂಲು ಬಿಟ್ಟ ಮೇಲೆ ಸ್ವಲ್ಪ ಸ್ವಲ್ಪ ಬರೆಯುತ್ತಾ ಬಂದೆ. ಶನಿವಾರ ಮಧ್ಯಾಹ್ನ ಇಲಿಯಾಸ್ ಸುಮ್ಮನೆ ಹರಟೆಗೆಂದು ಬಂದವನು ಕಾಯಿ ನೋಡಿ, "ನಂಗೂ ಒಂದ್ ಬೋರ್ಡ್ ಕೊಡ್ಲಾ, ಬರೀತಿನಿ" ಎಂದ. ಬಿಸಿಲು ಇಳಿಯುವ ಮುಂಚೆ ಮುಗಿಸಿ, ಚಿತ್ರವನ್ನು ಅಲ್ಲೇ ಬಿಟ್ಟು, ಕೈ ಒರೆಸಿಕೊಂಡು ಹೊರಟುಹೋದ.

ಸೋಮವಾರ ಇನ್‌ಸ್ಪೆಕ್ಷನ್ ಇತ್ತು. ಬಂದವರಿಗೆ ಸ್ಕೂಲಿನಲ್ಲೇ ಊಟ. ನಾನು ಮಕ್ಕಳ ಚಿತ್ರಗಳನ್ನು ಗೋಡೆಗೆ ಅಂಟಿಸಿ ಡ್ರಾಯಿಂಗ್ ರೂಮಿಗೆ ಬಂದರೆ ಬಕೆಟ್ಟು ಒಂದೇ ಇತ್ತು. ಪ್ಯೂನ್ ಬೆಟ್ಟಯ್ಯನನ್ನು ಕೇಳಿದೆ.

"ಎಡ್‌ಮಾಸ್ಟ್ರು ತರಕಾರಿ ಸಾಲ್ದು ಅಂದ್ರು ಸಾ. ಇಲ್ಲಿ ಸುಮ್ನೆ ಬಿದ್ದಿತ್ತಲ್ಲ, ಕುಯ್ದ್ಬುಟ್ಟೆ."

ರುದ್ರಯ್ಯನವರ ಹತ್ತಿರ ಹೋದೆ. "ಅದಕ್ಕೇನ್ರೀ ಮಹದೇವಪ್ಪ, ಇನ್ನೊಂದು ಕುಂಬಳಕಾಯಿ ತರಿಸೋಣ" ಎಂದರು. ಅದೇ ಕಾಯಿ ಬೇಕಾಗಿತ್ತು ಎಂದೆ. "ಎಲ್ಲ ಕುಂಬಳಕಾಯೂ ಕುಂಬಳಕಾಯೇ ಕಣ್ರೀ" ಎಂದು ಊಟಕ್ಕೆ ನಡೆದರು. ಇನ್‌ಸ್ಪೆಕ್ಟರು ಹುಳಿ ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡರು. ನಾನೂ ಪಕ್ಕದ ಸಾಲಿನಲ್ಲಿ ಕೂತು ತಿಂದೆ. ರುಚಿಯಾಗಿಯೇ ಇತ್ತು.

ನನ್ನ ಚಿತ್ರ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸಲು ಇದ್ದ ದಾರಿ ಒಂದೇ, ಇಲಿಯಾಸನ ಚಿತ್ರ ನೋಡಿಕೊಂಡು ಬರೆಯುವುದು. ಎದುರಿಗೆ ಇಟ್ಟುಕೊಂಡು ಕೂತೆ. ಕೂತಾಗ ತಿಳಿಯಿತು, ಇಷ್ಟು ದಿನ ನಿಜವಾದ ಕಾಯಿಯನ್ನು ದಿಟ್ಟಿಸಿದರೂ ಆ ಬಿಳಿಯ ತಗ್ಗಿನ ಮೇಲೆ ಬೆಳಕು ಎಲ್ಲಿ ತಿರುಗುತ್ತದೆಂದು ನನಗೆ ಕಂಡಿರಲಿಲ್ಲ. ಅವನ ಚಿತ್ರದಲ್ಲಿ ಕಾಣುತ್ತಿತ್ತು. ಕುಂಚ ತೊಳೆದಿಟ್ಟು ಮನೆಗೆ ಹೋದೆ. ಆ ಚಿತ್ರ ಮುಗಿಯಲೇ ಇಲ್ಲ.

ಅಂದಿನಿಂದ ಅವನು ಬರೆಯುವಾಗ ನಾನು ಕಳ್ಳಗಣ್ಣಿನಲ್ಲಿ ಅವನ ಕೈಯನ್ನೇ ನೋಡತೊಡಗಿದೆ. ಹೊಟ್ಟೆಕಿಚ್ಚಿನವನ ಕಣ್ಣು ಬಹಳ ಚುರುಕು. ಅವನು ವಸ್ತುವನ್ನು ಮೊದಲು ಬರೆಯುತ್ತಿರಲಿಲ್ಲ. ಚೊಂಬಿಗೂ ಈರುಳ್ಳಿಗೂ ನಡುವೆ ಇರುವ ಕತ್ತಲೆಯ ಸಂದಿಯನ್ನು ಮೊದಲು ಬರೆಯುತ್ತಿದ್ದ. ಸಂದಿ ಸರಿಯಾಗಿ ಬಿದ್ದರೆ ಎರಡು ವಸ್ತುಗಳೂ ತಾವಾಗಿಯೇ ಅದರ ಅಕ್ಕಪಕ್ಕ ನಿಲ್ಲುತ್ತಿದ್ದವು. ಅದನ್ನೇ ನನ್ನ ಮಕ್ಕಳಿಗೆ ಹೇಳಿಕೊಟ್ಟೆ. ಆ ವರ್ಷ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಕೂತವರೆಲ್ಲ ಪಾಸಾದರು. ರುದ್ರಯ್ಯನವರು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ನನ್ನನ್ನು ಹೊಗಳಿದರು. ಆ ಹೊಗಳಿಕೆಯಲ್ಲೂ ಅರ್ಧ ಇಲಿಯಾಸನಿಗೆ ಸೇರಬೇಕಾದದ್ದು ಎಂದು ಗೊತ್ತಿದ್ದುದರಿಂದ ಅದೂ ನನಗೆ ದಕ್ಕಲಿಲ್ಲ.

ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಮಲಯಾಳಿಗಳ ಒಂದು ಚಾ ಅಂಗಡಿ ಇತ್ತು. ಇಲಿಯಾಸ್ ಅದಕ್ಕೆ ಬೋರ್ಡು ಬರೆದುಕೊಟ್ಟ. ಹೆಸರಿನ ಪಕ್ಕ ಒಂದು ಗಾಜಿನ ಲೋಟ, ಅರ್ಧ ಚಾ, ಮೇಲೆ ತೆಳ್ಳಗೆ ಕೆನೆ. ಚಾ ಕುಡಿಯಲು ಬಂದ ಲಾರಿ ಡ್ರೈವರುಗಳು ನಗುತ್ತಾ ಅದನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದರು. ಒಂದು ದಿನ ಸಂಸಾರ ಸಮೇತ ಮೈಸೂರಿಗೆ ಹೊರಟಿದ್ದ ಶೇಖರನ್ ಎಂಬವರು ಅಲ್ಲಿ ಕಾರು ನಿಲ್ಲಿಸಿದರು. ಕೋಝಿಕ್ಕೋಡಿನಲ್ಲಿ ಅವರಿಗೆ ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿ, ಅದರ ಮಹಡಿಯಲ್ಲಿ ಪ್ರದರ್ಶನ ನಡೆಸುವ ಒಂದು ಹಾಲ್ ಇತ್ತು. ಬೋರ್ಡು ಬರೆದವರು ಯಾರೆಂದು ಕೇಳಿಕೊಂಡು ಇಲಿಯಾಸನ ಅಂಗಡಿಗೆ ಹೋದರು. ಇಲಿಯಾಸ್ ಅವರನ್ನು ನೇರ ನಮ್ಮ ಮನೆಗೆ ಕರೆತಂದ. ಅವನ ಮನೆಯಲ್ಲಿ ಜಾಗವಿಲ್ಲದೆ ಅವನ ಚಿತ್ರಗಳೆಲ್ಲ ನನ್ನ ಚಿತ್ರಗಳ ಜೊತೆ ನಮ್ಮ ಮನೆಯ ಗೋಡೆಗೆ ಒರಗಿಕೊಂಡಿದ್ದವು.

ಶೇಖರನ್ ಅವರು ನೆಲದ ಮೇಲೆ ಕೂತು ಒಂದೊಂದೇ ತಿರುಗಿಸಿ ನೋಡಿದರು. ಯಾವುದು ಯಾರದೆಂದು ನಾವು ಹೇಳಿರಲಿಲ್ಲ. ಕೆಲವನ್ನು ಎತ್ತಿ ಬಲಗಡೆ ಇಟ್ಟರು, ಮಿಕ್ಕವನ್ನು ಎಡಗಡೆ. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಮುಗಿದಾಗ ಬಲಗಡೆ ಇದ್ದವೆಲ್ಲ ಇಲಿಯಾಸನವು. ಒಂದೂ ತಪ್ಪಿರಲಿಲ್ಲ.

ಇಲಿಯಾಸ್ ಅವರಿಗೆ ಮಲಯಾಳದಲ್ಲಿ ಏನೋ ಹೇಳಿದ. ಅವರು ನನ್ನ ಮುಖ ನೋಡಿ, ಎಡಗಡೆಯಿಂದ ನನ್ನ ಒಂದು ಚಿತ್ರ ತೆಗೆದು ಬಲಗಡೆ ಇಟ್ಟರು. ಇಟ್ಟಿಗೆ ಮತ್ತು ಹಗ್ಗದ ಚಿತ್ರ ಅದು. ಅವರು ಹೋದ ಮೇಲೆ ಕೇಳಿದೆ.

"ಏನ್ಲಾ ಅಂದೆ ಅವ್ರಿಗೆ?"

"ಮಾದೇವಂದೂ ತಕ್ಕೊಳ್ಳಿ, ಇಲ್ದಿದ್ರೆ ನಂದೂ ಬ್ಯಾಡ ಅಂದೆ."

"ನಾನ್ ಕೇಳಿದ್ನಾ ನಿನ್ನ?"

"ಕೇಳ್ದಿದ್ರೇನ್ಲಾ? ಇಬ್ರೂ ಒಟ್ಗೇ ತಾನೆ ಬರ್ದಿದ್ದು. ಒಟ್ಗೇ ಓಗನ ಬಾ."

ಅವನಿಗೆ ನಿಜಕ್ಕೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಬೈದು ಬಿಡೋಣವೆಂದರೆ ಬೈಯಲು ಕಾರಣವಿಲ್ಲ. ಅವನು ಕಪಟಿಯಾಗಿದ್ದರೆ, ಜಂಬದವನಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು.

ಕೋಝಿಕ್ಕೋಡಿಗೆ ತರಕಾರಿ ಲಾರಿಯಲ್ಲಿ ಹೋದೆವು. ಆ ಲಾರಿಗೆ ಬಣ್ಣ ಹೊಡೆದವನೂ ಅವನೇ, ಹಾಗಾಗಿ ಕ್ಯಾಬಿನ್ನಿನಲ್ಲಿ ಮರ್ಯಾದೆಯ ಜಾಗ ಸಿಕ್ಕಿತು. ಹಾಲಿನಲ್ಲಿ ಅವನ ಚಿತ್ರಗಳನ್ನು ಎದುರು ಗೋಡೆಗೆ ಹಾಕಿದ್ದರು. ನನ್ನ ಇಟ್ಟಿಗೆ ಮೆಟ್ಟಿಲ ಹತ್ತಿರ, ಕುಡಿಯುವ ನೀರಿನ ಹಂಡೆಯ ಮೇಲ್ಗಡೆ ಇತ್ತು. ನೀರು ಹಿಡಿದುಕೊಂಡು ಕುಡಿಯುವವರು ಲೋಟ ಬಾಯಿಗೆತ್ತಿದಾಗ ಅದನ್ನು ನೋಡುತ್ತಿದ್ದರು, ಇಳಿಸಿದ ಮೇಲೆ ಎದುರು ಗೋಡೆಯ ಕಡೆ ಹೋಗುತ್ತಿದ್ದರು. ಪ್ರದರ್ಶನ ಮುಗಿಯುವಷ್ಟರಲ್ಲಿ ಅವನವೆಲ್ಲ ಮಾರಾಟವಾದವು. ನನ್ನದನ್ನು ಮಲಯಾಳ ಪೇಪರಿನಲ್ಲಿ ಸುತ್ತಿ ವಾಪಸು ಕೊಟ್ಟರು. ಬರುವಾಗ ಬಂಡೀಪುರದ ಕಾಡಿನಲ್ಲಿ ಲಾರಿ ಕುಲುಕುತ್ತಿದ್ದರೂ ಇಲಿಯಾಸ್ ನನ್ನ ಹೆಗಲಿಗೆ ತಲೆ ಕೊಟ್ಟು ಮಗುವಿನ ಹಾಗೆ ನಿದ್ದೆ ಹೋದ. ಹೆಗಲು ಜೋಮು ಹಿಡಿಯಿತು. ಅವನನ್ನು ನೂಕಿಬಿಡಬೇಕು ಅನಿಸುತ್ತಿತ್ತು, ಎಚ್ಚರವಾದೀತೆಂದು ಅಲುಗಾಡದೆ ಕೂತಿದ್ದೆ. ಎರಡೂ ಒಟ್ಟಿಗೇ ಇದ್ದವು.

ಅಲ್ಲಿಯವರಿಗೆ ಅವನ ಚಿತ್ರಗಳಲ್ಲಿ ಚಾ ಹಾಕಿದ ಗಾಜಿನ ಲೋಟದ್ದು ಬಹಳ ಹಿಡಿಸಿತ್ತು. ಇನ್ನಷ್ಟು ಬೇಕೆಂದು ಶೇಖರನ್ ಅವರು ಹೇಳಿ ಕಳಿಸಿದರು, ಇರಲು ಒಂದು ರೂಮು ಕೊಡುತ್ತೇನೆಂದರು. ಅಷ್ಟರಲ್ಲಿ ಅವನ ತಂದೆ ತೀರಿಕೊಂಡಿದ್ದರು. ಅಂಗಡಿಯನ್ನು ಭಾವಮೈದುನನಿಗೆ ಒಪ್ಪಿಸಿ ಇಲಿಯಾಸ್ ಕೋಝಿಕ್ಕೋಡಿಗೆ ಹೋಗಿಬಿಟ್ಟ.

ಅವನು ಹೋದರೆ ನೆಮ್ಮದಿ ಎಂದುಕೊಂಡಿದ್ದೆ. ಆಗಲಿಲ್ಲ. ಭಾನುವಾರ ಕಿಟಕಿಯ ಬಳಿ ಕೂತರೆ ಪಕ್ಕದ ಖಾಲಿ ಜಾಗದಲ್ಲೂ ಅವನು ನನಗಿಂತ ಚೆನ್ನಾಗಿ ಬರೆಯುತ್ತಿದ್ದ. ಒಂದು ಭಾನುವಾರ ಹಟ ಬಂದು ಚಾ ಅಂಗಡಿಯಿಂದ ಒಂದು ಗಾಜಿನ ಲೋಟ ಕೇಳಿ ತಂದೆ. ಅದರಲ್ಲಿ ಅರ್ಧ ಚಾ ಹಾಕಿ, ಅವನ ಹಾಗೆಯೇ ಸಂದಿಯಿಂದ ಶುರುಮಾಡಿ, ಅವನ ಹಾಗೆಯೇ ದಪ್ಪ ಕುಂಚದಲ್ಲಿ ಗೆರೆಯಿಲ್ಲದೆ ಬರೆದೆ. ಬಹಳ ಭಾನುವಾರಗಳು ಹಿಡಿದವು. ಕೊನೆಗೂ ಚಾ ಹಿಂದಿನ ಗಾಜು ಗಾಜಿನ ಹಾಗೆ ಕಂಡಿತು. ಗೌರಿಯನ್ನು ಕರೆದೆ.

ಅವಳು ಸೆರಗಿಗೆ ಕೈ ಒರೆಸುತ್ತಾ ಬಂದು ನೋಡಿ ಮುಖ ಅರಳಿಸಿಕೊಂಡು, "ಇಲಿಯಾಸಣ್ಣಂದಾ? ಯಾವಾಗ್ ಕಳಿಸುದ್ರು?" ಎಂದಳು.

ಒಂದು ಕ್ಷಣ ನನ್ನ ಎದೆ ಉಬ್ಬಿತು. ಮರುಕ್ಷಣವೇ ಅವಳು ಏನು ಹೇಳಿದಳೆಂದು ಅರ್ಥವಾಯಿತು. ಬಣ್ಣ ಇನ್ನೂ ಹಸಿ ಇತ್ತು. ಚೂರಿ ತೆಗೆದುಕೊಂಡು ಪೂರ್ತಿ ಕೆರೆದು ಹಾಕಿದೆ. ಗೌರಿ ತಡೆಯಲಿಲ್ಲ, ಕೆರೆದು ಮುಗಿಯುವ ತನಕ ನಿಂತು ನೋಡಿದಳು.

"ನಿಮ್ಗೆ ಅವರ ಕೈ ಮ್ಯಾಲೆ ಒಟ್ಟೆಕಿಚ್ಚಾ, ಕಣ್ಣ ಮ್ಯಾಲಾ?" ಎಂದು ಕೇಳಿದಳು.

"ಎರಡರ ಮೇಲೂ" ಎಂದೆ.

"ನಂಗಂಗನ್ಸಲ್ಲ. ಅವರು ಮುಗುಸ್ಬುಟ್ಟು ಎದ್ದೋಯ್ತರೆ. ನಿಮ್ಗೆ ಎದ್ದೋಗಕ್ಕಾಗಕಿಲ್ಲ. ಅದ್ಕೇ ಕಿಚ್ಚು."

ಅವಳು ಚಿತ್ರಕಲೆ ಓದಿದವಳಲ್ಲ, ಆದರೆ ನನ್ನ ಜೊತೆ ಬಾಳುವೆ ಮಾಡಿದವಳು. ನಾನು ಚೂರಿ ಒರೆಸಿಟ್ಟು, ಲೋಟವನ್ನು ಚಾ ಅಂಗಡಿಗೆ ವಾಪಸು ಕೊಟ್ಟು ಬಂದೆ.

ಅದಾದ ಮೇಲೆ ನನಗೆ ಚಾಮರಾಜನಗರಕ್ಕೆ ವರ್ಗವಾಯಿತು. ಅಲ್ಲಿನ ಹೆಡ್‌ಮಿಸ್ಟ್ರೆಸ್ ಬೇರೆ ಥರ. ಡ್ರಾಯಿಂಗ್ ಪೀರಿಯಡ್ಡನ್ನು ಯಾರೂ ಮುಟ್ಟಕೂಡದು ಎಂದು ಟೈಮ್ ಟೇಬಲ್ಲಿನಲ್ಲಿ ಕೆಂಪು ಶಾಯಿಯಲ್ಲಿ ಬರೆಸಿದ್ದರು. ಪಾಠಕ್ಕೆ ಬೇಕಾದ ಸಾಮಾನನ್ನು ತಮ್ಮ ಮನೆಯಿಂದಲೇ ಕಳಿಸುತ್ತಿದ್ದರು. ಅಂಥವರ ಕೈಕೆಳಗೆ ಕೆಲಸ ಮಾಡುವ ಅದೃಷ್ಟ ಹೊಸದಾಗಿ ಸೇರಿದ ನಿಮಗೂ ಸಿಗಲಿ. ಇಲಿಯಾಸನ ಕೈಯನ್ನು ಅನುಕರಿಸುವುದು ಬಿಟ್ಟು ನನ್ನದೇ ದಾರಿಯಲ್ಲಿ, ಸೀಸದ ಕಡ್ಡಿಯಲ್ಲಿ ಅಳೆದು ಅಳೆದು ಬರೆಯತೊಡಗಿದೆ. ತೂತು ಬಿದ್ದ ಜರಡಿ, ಬೀಗ, ಹವಾಯಿ ಚಪ್ಪಲಿ. ಮೈಸೂರಿನಲ್ಲಿ ನಡೆದ ಒಂದು ಪ್ರದರ್ಶನಕ್ಕೆ ಅವುಗಳಲ್ಲಿ ಕೆಲವು ಆಯ್ಕೆಯಾದವು. ನೀರಿನ ಹಂಡೆಯ ಮೇಲಲ್ಲ, ಒಳ್ಳೆಯ ಗೋಡೆಯ ಮೇಲೇ ತೂಗುಹಾಕಿದರು. ನಾನು ಒಳಗೆ ಹೋದವನೇ ಮೊದಲು ಹುಡುಕಿದ್ದು ಇಲಿಯಾಸನ ಚಿತ್ರ ಎಲ್ಲಿದೆ ಎಂದು. ಇರಲಿಲ್ಲ. ಅವನಿಲ್ಲದ ಕಡೆ ಗೆದ್ದದ್ದು ಗೆದ್ದ ಹಾಗೆ ಅನಿಸಲಿಲ್ಲ.

ಚಾಮರಾಜನಗರ ಹೊಸ ಜಿಲ್ಲೆಯಾದಾಗ ಊರಿನ ಕಚೇರಿಗಳ ಬೋರ್ಡುಗಳಲ್ಲೆಲ್ಲ ಮೈಸೂರು ಜಿಲ್ಲೆ ಎಂದಿದ್ದುದನ್ನು ಅಳಿಸಿ ಹೊಸದಾಗಿ ಬರೆಸತೊಡಗಿದರು. ಒಂದು ಬೆಳಗ್ಗೆ ಸೈಕಲ್ಲಿನಲ್ಲಿ ಸ್ಕೂಲಿಗೆ ಹೋಗುತ್ತಿದ್ದವನು ಒಂದು ಕಚೇರಿಯ ಮುಂದೆ ಬ್ರೇಕು ಹಾಕಿದೆ. ಬೋರ್ಡಿನ ಮೇಲಿನ 'ಚಾ' ಅಕ್ಷರದ ಸುಳಿ ನನಗೆ ಗೊತ್ತಿದ್ದ ಸುಳಿ. ಅಟ್ಟಣಿಗೆಯ ಮೇಲೆ, ಬೆನ್ನು ಈ ಕಡೆ ಹಾಕಿ ಕೂತು, ಇಲಿಯಾಸ್ 'ನಗರ' ಬರೆಯುತ್ತಿದ್ದ.

"ಯಾವಾಗ್ಲಾ ಬಂದೆ?"

ತಿರುಗಿ ನೋಡಿ ನಕ್ಕ. "ದೀಪಾವಳಿಗ್ ಮುಂಚೆ ಬಂದೆ. ನಿನ್ ಮನೆಗ್ ಬರನ ಅಂತಿದ್ದೆ, ಕೆಲ್ಸ ಬುಡ್ಲಿಲ್ಲ."

"ಚಿತ್ರ?"

"ಬುಟ್ಬುಟ್ಟೆ ಕಣ್ಲಾ."

ಅವನು ಕೆಳಗೆ ಇಳಿದು ಬಂದ. ಇಬ್ಬರೂ ಕಾಂಪೌಂಡಿನ ಕಟ್ಟೆಯ ಮೇಲೆ ಕೂತೆವು. ಕೋಝಿಕ್ಕೋಡಿನಲ್ಲಿ ಎಲ್ಲರೂ ಅದೇ ಗಾಜಿನ ಲೋಟವನ್ನೇ ಕೇಳುತ್ತಿದ್ದರಂತೆ. ಬರೆಯುತ್ತಾ ಹೋದನಂತೆ.

"ಒಂದಿನ ಲೋಟ ಮುಂದಿಟ್ಕಂಡು ಕೂತಿದ್ದೆ. ಲೋಟನೇ ಕಾಣಾಕಿಲ್ಲ ಅಂತದೆ. ನಾನು ಮೊದ್ಲು ಬರ್ದಿದ್ ಚಿತ್ರ ಕಾಣ್ತದೆ. ಅದ್ನ ನೋಡ್ಕಂಡು ಇನ್ನೊಂದ್ ಬರಿಯದು. ಇದ್ಯಾತರ ಬಾಳು ಅಂತ ಎದ್ ಬಂದ್ಬುಟ್ಟೆ."

"ಅಷ್ಟೇನಾ?"

"ಇನ್ನೇನಾಗ್ಬೇಕು?"

"ಮತ್ತೆ ಬರಿಬೇಕು ಅನ್ಸಲ್ವಾ?"

ಅವನು ಬೆರಳಿಗಂಟಿದ ಬಣ್ಣ ಒರೆಸಿಕೊಂಡ. "ಇಲ್ಲ ಕಣಾ. ಸಾಕಾಯ್ತು" ಎಂದ. ಆ ದನಿಯಲ್ಲಿ ದುಃಖವಿರಲಿಲ್ಲ.

ಸೈಕಲ್ಲು ತುಳಿಯುತ್ತಾ ಸ್ಕೂಲಿಗೆ ಹೋದೆ. ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ಯಾವುದು ನನಗೆ ಸಿಗಲೆಂದು ಅಷ್ಟು ವರ್ಷ ಬೆನ್ನು ಸೆಟೆಸಿಕೊಂಡು ಕಾದಿದ್ದೆನೋ ಅದನ್ನು ಇವನು ಹಳೆಯ ಅಂಗಿಯ ಹಾಗೆ ಬಿಚ್ಚಿಟ್ಟು ಬಂದಿದ್ದ. ಬರೆಯುವುದು ಅವನಿಗೆ ಎಷ್ಟು ಸಲೀಸಾಗಿತ್ತೋ ಬಿಡುವುದೂ ಅಷ್ಟೇ ಸಲೀಸು. ಗೌರಿ ಹೇಳಿದ್ದು ನನಗೆ ಆಗ ಅರ್ಥವಾಯಿತು.

ವರ್ಷ ಕಳೆಯುವಷ್ಟರಲ್ಲಿ ಬೋರ್ಡು ಬರೆಯುವ ಕೆಲಸಕ್ಕೂ ಕುತ್ತು ಬಂತು. ಕಂಪ್ಯೂಟರಿನಲ್ಲಿ ಅಕ್ಷರ ಕತ್ತರಿಸಿ ಅಂಟಿಸುವ ಸ್ಟಿಕ್ಕರು ಮೈಸೂರಿನಿಂದ ಬರತೊಡಗಿತು. ಗುಂಡ್ಲುಪೇಟೆ, ಚಾಮರಾಜನಗರದ ಪೇಂಟರುಗಳು ಕಂಗಾಲಾದರು. ಇಲಿಯಾಸ್ ಮಾತ್ರ ಭಾವಮೈದುನನ ಜೊತೆ ಸೇರಿ ಆ ಮಿಷನ್ನನ್ನೇ ತಂದು ಕೂರಿಸಿದ. ಅವನ ಅಂಗಡಿಗೆ ಹೋದಾಗ ಬೆರಳ ತುದಿಯಲ್ಲಿ ಬಣ್ಣವೇ ಇರಲಿಲ್ಲ. ಕೀಲಿಮಣೆ ಒತ್ತುತ್ತಾ ನಗುನಗುತ್ತಾ ಗಿರಾಕಿಗಳ ಜೊತೆ ಮಾತಾಡುತ್ತಿದ್ದ. ಆ ಬೆರಳುಗಳನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಭಾನುವಾರ ಮನೆಗೆ ಬಾ" ಎಂದೆ.

ಬಂದ, ಎಂದಿನಂತೆ ತಡವಾಗಿ. ನಾನು ಬೇಕೆಂದೇ ಎರಡು ಬೋರ್ಡು ಸಿದ್ಧ ಮಾಡಿಟ್ಟಿದ್ದೆ. ಮೇಜಿನ ಮೇಲೆ ಗೌರಿಯ ಹಳೆಯ ಪಂಪ್ ಸ್ಟೌ, ಬದನೆಕಾಯಿ, ಮಡಿಸಿದ ಗೋಣಿಚೀಲ. ಕುಂಚ ಕೊಡಲು ಹೋದೆ.

"ಬ್ಯಾಡ ಬುಡು. ನೀನ್ ಬರಿ, ನಾನ್ ನೋಡ್ತಿನಿ."

ಚಾ ಲೋಟ ಹಿಡಿದು ಕಿಟಕಿಯ ಕಟ್ಟೆಯ ಮೇಲೆ ಕೂತ. ನಾನು ಬರೆದೆ. ಅವನು ಗೌರಿಯ ಜೊತೆ ಹಂಗಳದ ಸುದ್ದಿ ಮಾತಾಡಿದ, ಇನ್ನೊಂದು ಲೋಟ ಚಾ ಕೇಳಿದ. ನನ್ನ ಸ್ಟೌ ಚೆನ್ನಾಗಿಯೇ ಬರುತ್ತಿತ್ತು, ಗೋಣಿಚೀಲವೂ ಸರಿಯಾಗಿತ್ತು. ಬದನೆಕಾಯಿ ಮಾತ್ರ ಮೇಜಿನ ಮೇಲೆ ಕೂರದೆ ಗಾಳಿಯಲ್ಲಿ ತೇಲುತ್ತಿತ್ತು. ಅದರ ನೆರಳನ್ನು ಅಳಿಸಿ ಬರೆದೆ, ಮತ್ತೆ ಅಳಿಸಿದೆ. ಬೆಳಕು ಬಾಡುವ ಹೊತ್ತಾಯಿತು.

"ಮಾದೇವ" ಎಂದ ಇಲಿಯಾಸ್. "ಆ ನೆರಳು ಕಪ್ಪಲ್ಲ ಕಣ್ಲಾ. ಆಚೆ ಒಂಗೆ ಮರದ್ ಎಲೆ ಬಣ್ಣ ಒಳಕ್ ಬಂದದೆ. ಅಸುರು ನೋಡು."

ನೋಡಿದೆ. ಹಸಿರು ಇರಲಿಲ್ಲ. ತಲೆ ಒಂದು ಕಡೆಗೆ ವಾಲಿಸಿ, ಕಣ್ಣು ಕಿರಿದು ಮಾಡಿ ಮತ್ತೆ ನೋಡಿದೆ. ಇತ್ತು. ಬಹಳ ತೆಳುವಾಗಿ, ಬದನೆಕಾಯಿಯ ಬುಡದಲ್ಲಿ.

"ಯಾವಾಗಿಂದ ಕಾಣ್ತಿತ್ತು ನಿಂಗೆ?"

"ಬಂದಾಗ್ಲಿಂದ."

"ಮೊದ್ಲೇ ಹೇಳಕ್ಕೇನಾಗಿತ್ತು?"

"ನಿಂಗೇ ಕಾಣ್ತದೆ ಅಂತ ಕಾಯ್ತಿದ್ದೆ."

ಬಣ್ಣದ ಹಲಗೆಯ ಮೂಲೆಯಲ್ಲಿ ಒಂದಿಷ್ಟು ಹಸಿರು ಕಲಸಿ ನೆರಳಿಗೆ ಇಟ್ಟೆ. ಬದನೆಕಾಯಿ ಕೆಳಗಿಳಿದು ಮೇಜಿನ ಮೇಲೆ ಭಾರವಾಗಿ ಕೂತಿತು. ನಾನು ಇನ್ನೊಂದು ಸಲ ಕುಂಚ ಅದ್ದಿದೆ.

"ಸಾಕು, ನಿಲ್ಸು. ಇನ್ ಮುಟ್ಬ್ಯಾಡ" ಎಂದು ಹೇಳಿ ಅವನು ಚಪ್ಪಲಿ ಮೆಟ್ಟಿಕೊಂಡ.

ಹೊಟ್ಟೆ ಉರಿಯುತ್ತಲೇ ಇತ್ತು. ಮುಂದಿನ ಭಾನುವಾರವೂ ಬಾ ಎಂದೆ.